ಒಂದು ಒಳಲೆ ಎಸ್ಪ್ರೆಸೊ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ. ನಿಲ್ಲಿಸಿದೆ ಎಂದು ಬರೆಯುವಾಗ ಏನೋ ದೊಡ್ಡ ತೀರ್ಮಾನ ಮಾಡಿದವನ ಗತ್ತು ಬರುತ್ತದೆ. ನಿಜವಾಗಿ ಆದದ್ದು ಇಷ್ಟೇ: ನಿಟ್ಟೂರಿನ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಯಿತು, ಐದನೆಯದು ಅಲ್ಲಿ ಇರಲಿಲ್ಲ. ಇಲ್ಲದ ತರಗತಿಗೆ ಹೋಗುವುದು ಹೇಗೆ? ಸಾಗರಕ್ಕೆ ಹೊರಟಿದ್ದ ಗಾಡಿಯೊಂದರಲ್ಲಿ ಕೂತು ಬಂದು ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತೆ. ಆವತ್ತು ನಿಂತವನು ಇನ್ನೂ ಸರಿಯಾಗಿ ಕೂತಿಲ್ಲ. ತೊಳೆಯುವವನು ಹಂಚುವವನಾದೆ, ಹಂಚುವವನು ಒಲೆಯ ಮುಂದೆ ಹೋದೆ. ಈಗ ಅದೇ ರಸ್ತೆಯಲ್ಲಿ ನನ್ನದೇ ಕಾಫಿ ಹೋಟೆಲಿದೆ. ಬೋರ್ಡಿನ ಅಕ್ಷರ ಕೂಡ ನಾನೇ ಬರೆದದ್ದು. ಇದೆಲ್ಲ ಯಾರ ಹಂಗೂ ಇಲ್ಲದೆ ಕಟ್ಟಿದ್ದು ಎಂದು ಹೇಳಿಕೊಳ್ಳುವ ಚಟ ನನಗಿದೆ. ಕೇಳುವವರು ಆಕಳಿಸಿದರೆ ಒಂದು ಕಾಫಿ ಕೊಟ್ಟು ಎಚ್ಚರಿಸಿ, ಮತ್ತೆ ಮೊದಲಿನಿಂದ ಹೇಳುತ್ತೇನೆ.

ಈಗ ಬರೆಯಲು ಕೂತದ್ದಕ್ಕೆ ಕಾರಣ ಚಟವಲ್ಲ, ಸುಸ್ತು. ನಮ್ಮ ಹೋಟೆಲಿನ ಮೂಲೆಯಲ್ಲಿ ಒಂದು ಯಂತ್ರವಿದೆ. ಹೊಸದಾಗಿ ಒಳಗೆ ಬಂದವರು ಯಾರೇ ಆಗಲಿ, ಚಪ್ಪಲಿ ಬಿಡುವ ಮೊದಲೇ, ‘ಇದೆಂಥದು ಮಾರಾಯ್ರೆ?’ ಎನ್ನುತ್ತಾರೆ. ‘ಎಸ್ಪ್ರೆಸೊ’ ಎನ್ನುತ್ತೇನೆ. ‘ಹಂಗಂದ್ರೆ?’ ಎನ್ನುತ್ತಾರೆ. ದಿನಕ್ಕೆ ಎಷ್ಟು ಸಲ ಅಂತ ವಿವರಿಸುವುದು? ನಸುಕಿಗೆ ಎದ್ದು ಒಲೆ ಹಚ್ಚಿದವನಿಗೆ ಸಂಜೆಯ ಹೊತ್ತಿಗೆ ಕಾಲಿನಷ್ಟೇ ದವಡೆಯೂ ನೋಯುತ್ತದೆ. ಅದಕ್ಕೇ ಎಲ್ಲವನ್ನೂ ಒಮ್ಮೆ ಬರೆದುಬಿಡೋಣ, ಕುತೂಹಲ ಇರುವವರು ಓದಿಕೊಳ್ಳಲಿ, ನಾನು ಅಷ್ಟು ಹೊತ್ತು ಕಂಬಕ್ಕೆ ಒರಗಿಕೊಳ್ಳುತ್ತೇನೆ ಎಂದುಕೊಂಡೆ.

ಕಾಫಿಯ ರುಚಿಯನ್ನು ಮೊದಲು ಕಂಡುಹಿಡಿದದ್ದು ಮೇಕೆಗಳಂತೆ. ಹಾಗೆಂದು ಒಂದು ಹಳೆಯ ಪತ್ರಿಕೆಯ ಹಾಳೆಯಲ್ಲಿ ಓದಿದ್ದೇನೆ. ವಡೆ ಕಟ್ಟುವ ಮುನ್ನ ಕಾಗದವನ್ನು ಪೂರ್ತಿ ಓದುವುದು ನನ್ನ ಅಭ್ಯಾಸ, ಐದನೆಯ ತರಗತಿಯಿಂದ ಮುಂದಿನದನ್ನೆಲ್ಲ ನಾನು ಕಲಿತದ್ದು ಹಾಗೆಯೇ. ಯಾವುದೋ ದೂರದ ಗುಡ್ಡದಲ್ಲಿ ಮೇಕೆಗಳು ಕಾಫಿ ಹಣ್ಣು ತಿಂದು ರಾತ್ರಿಯಿಡೀ ಕುಣಿದವಂತೆ. ಮುಂದೆ ಏನಾಯಿತೆಂಬುದು ಎಣ್ಣೆಯಲ್ಲಿ ಅಳಿಸಿಹೋಗಿತ್ತು. ನನಗೆ ಅನ್ನಿಸುವುದು, ಮೇಕೆಗಳಿಗೆ ಕುಣಿತ ಸಿಕ್ಕಿತು, ಮನುಷ್ಯನಿಗೆ ಕುದಿಸುವ ಕೆಲಸ ಸಿಕ್ಕಿತು.

ನನಗೆ ತಿಳಿದ ಮಟ್ಟಿಗೆ ಪುಡಿಯಿಂದ ಕಾಫಿ ಹೊರಡಿಸುವ ದಾರಿಗಳು ಮೂರು: ಕುದಿಸುವುದು, ಇಳಿಸುವುದು, ಹಿಂಡುವುದು. ಕುದಿಸುವುದು ಮನೆಯ ಕ್ರಮ. ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಮನೆಗೆ ಹೋದರೂ ಪಾತ್ರೆಯಲ್ಲಿ ನೀರಿಟ್ಟು, ಅದಕ್ಕೆ ಒಂದು ಉಂಡೆ ಬೆಲ್ಲ ಹಾಕಿ, ಬೆಲ್ಲ ಕರಗಿ ನೊರೆ ಎದ್ದಮೇಲೆ ಪುಡಿ ಹಾಕಿ ಇಳಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ನೆಂಟರು ಅಂಗಳದಲ್ಲಿ ಕಾಣಿಸಿದ ಕೂಡಲೇ ಒಳಗಿನಿಂದ ‘ನೀರಿಡು’ ಎಂಬ ಮಾತು ಕೇಳಿಸುತ್ತದೆ. ಆ ನೀರು ಎಂದರೆ ಬೆಲ್ಲದ ನೀರೇ. ಬೆಲ್ಲವಿಲ್ಲದ ಕಾಫಿ ನೀರನ್ನು ಆ ಕಡೆಯವರು, ಉಪ್ಪಿಲ್ಲದ ಸಮುದ್ರವನ್ನು ಕಾಣದ ಹಾಗೆಯೇ, ಕಂಡಿಲ್ಲ. ನಾನೂ ಕಂಡಿರಲಿಲ್ಲ, ಸಾಗರಕ್ಕೆ ಬರುವವರೆಗೆ.

ಇಳಿಸುವುದು ಹೋಟೆಲಿನ ಕ್ರಮ. ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಹೊಯ್ದರೆ, ಅದು ತನಗೆ ಮನಸ್ಸು ಬಂದಾಗ ತೊಟ್ಟು ತೊಟ್ಟಾಗಿ ಕೆಳಗೆ ಬರುತ್ತದೆ. ಶಿವಮೊಗ್ಗದ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಅದಕ್ಕೆ ಅವಸರವಿಲ್ಲ. ಫಿಲ್ಟರಿನ ತಲೆಗೆ ಚಮಚದಿಂದ ಕುಟ್ಟುವವರಿದ್ದಾರೆ. ಅದರಿಂದ ಚಮಚ ಸೊಟ್ಟಗಾಗುತ್ತದೆ, ಅಷ್ಟೆ. ಇಷ್ಟು ವರ್ಷ ಆ ತೊಟ್ಟುಗಳನ್ನು ಕಾದು ನನಗೆ ತಾಳ್ಮೆ ಬಂದಿದೆ ಎಂದು ಗಿರಾಕಿಗಳು ಹೊಗಳುತ್ತಾರೆ. ಅದು ತಾಳ್ಮೆಯಲ್ಲ, ಆಯಾಸ. ದೂರದಿಂದ ನೋಡುವವರಿಗೆ ಎರಡೂ ಒಂದೇ ತರ ಕಾಣುತ್ತವೆ.

ಮೂರನೆಯದು ಹಿಂಡುವುದು. ಅದೇ ಎಸ್ಪ್ರೆಸೊ. ಇಟಲಿಯವರ ಮಾತಿನಲ್ಲಿ ಆ ಹೆಸರಿಗೆ ಒತ್ತಿ ತೆಗೆದದ್ದು ಎಂದೇ ಅರ್ಥವಂತೆ. ಕಬ್ಬನ್ನು ಗಾಣಕ್ಕೆ ಕೊಟ್ಟು ರಸ ತೆಗೆಯುವುದಿಲ್ಲವೇ, ಹಾಗೆ. ನೀರು ತಾನಾಗಿ ಇಳಿಯಲಿ ಎಂದು ಕಾಯುವುದಿಲ್ಲ. ಮೇಲಿನಿಂದ ಜೋರಾಗಿ ಅಟ್ಟುತ್ತಾರೆ. ನೀರು ದಿಕ್ಕು ತೋಚದೆ ಪುಡಿಯ ನಡುವೆ ನುಗ್ಗಿ, ಅದರ ಒಳಗಿದ್ದ ಸತ್ವವನ್ನೆಲ್ಲ ಎಳೆದುಕೊಂಡು ಕೆಳಗೆ ಬೀಳುತ್ತದೆ. ಇದನ್ನು ನನಗೆ ಹೇಳಿದವರು ಮಂಜಪ್ಪ ಭಾವ. ಅವರ ವಿಷಯ ಹೇಳದೆ ಎಸ್ಪ್ರೆಸೊ ವಿಷಯ ಹೇಳಲು ನನಗೆ ಬರುವುದಿಲ್ಲ.

ಮಂಜಪ್ಪ ಭಾವ ನನ್ನ ಅಕ್ಕ ಪುಟ್ಟಮ್ಮನ ಗಂಡ. ಊರು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ. ಮದುವೆಯಾದ ಮರುವರ್ಷವೇ ಮುಂಬಯಿಗೆ ಹೋಗಿ, ಸಮುದ್ರದ ದಂಡೆಯ ಮೇಲಿನ ಒಂದು ಕಾಫಿ ಅಂಗಡಿ ಸೇರಿಕೊಂಡರು. ಅಕ್ಕ ಅರಳಸುರಳಿಯಲ್ಲಿ ಗದ್ದೆ ಮಾಡಿಸಿಕೊಂಡು ಉಳಿದಳು. ಭಾವ ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆಯೆಂದು ಅವರಿಗೆ ಗೊತ್ತಾಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಒಮ್ಮೆ ಅಕ್ಕ ನನ್ನ ಹೆಂಡತಿಯ ಜೊತೆ ಅಕ್ಕಿ ಆರಿಸುತ್ತ ಕೂತವಳು ನನ್ನ ಕಡೆ ತಿರುಗಿ ಅಂದಿದ್ದಳು:

“ನೆಂಟ್ರಿಗೆ ಮಾಡ್ದಂಗೆ ಮಾಡಿ ಬಡಿಸ್ತೀನಿ ಕಣಾ ಅಪ್ಪಿ. ಸಾರು ಉಪ್ಪಾದ್ರೂ ಸುಮ್ನೆ ಉಂಡು ಏಳ್ತಾರೆ. ಒಂದ್ ದಿನ ಬಾಯ್ಬಿಟ್ಟು ಬೈದಿಲ್ಲ ಪುಣ್ಯಾತ್ಮ.”

ಬೈಯದ ಗಂಡನ ಮೇಲೆ ದೂರು ಹೇಳಿದ ಹೆಂಗಸನ್ನು ನಾನು ಕಂಡದ್ದು ಅದೊಂದೇ ಸಲ. ಆಗ ನನಗೆ ಅದರ ತಲೆಬುಡ ತಿಳಿಯಲಿಲ್ಲ.

ಮೂರು ವರ್ಷದ ಹಿಂದೆ, ಅಂದರೆ ಅರವತ್ತಾರರಲ್ಲಿ, ಭಾವ ರಜೆಯಲ್ಲದ ಸಮಯದಲ್ಲಿ ಸಾಗರದ ರೈಲು ನಿಲ್ದಾಣದಲ್ಲಿ ಇಳಿದರು. ಜೊತೆಗೆ ಗೋಣಿ ಸುತ್ತಿದ ಒಂದು ಭಾರಿ ಪೆಟ್ಟಿಗೆ. ಎತ್ತಿನ ಗಾಡಿಯಲ್ಲಿ ಅದು ಹೋಟೆಲಿನ ಮುಂದೆ ಬಂದು ನಿಂತಾಗ ಅಡಿಕೆ ಮಂಡಿಯ ಕರಿಯಪ್ಪ ಹೊರಗೆ ಬಂದು ನೋಡಿದ. ಕರಿಯಪ್ಪ ನನ್ನ ದಿನದ ಗಿರಾಕಿ; ಮಂಡಿಯಲ್ಲಿ ಅಡಿಕೆಯ ಬಣ್ಣ ನೋಡಿ ಬೆಲೆ ಕಟ್ಟುವವನು, ಅದೇ ಕಣ್ಣಿನಿಂದ ಲೋಕವನ್ನೂ ನೋಡುವವನು.

“ತಿಮ್ಮಪ್ಪಾ, ನಿಮ್ಮ ಭಾವ ಮುಂಬಯಿಯಿಂದ ದೇವ್ರನ್ನ ತಂದ್ರು ಮಾರಾಯಾ!”

ಗೋಣಿ ಬಿಚ್ಚಿದಾಗ ಅವನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಹಿತ್ತಾಳೆಯ ದೊಡ್ಡ ಹಂಡೆಯಂಥ ಮೈ, ಅದರ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿ ನಿಂತ ಒಂದು ಹದ್ದು. ನಮ್ಮವರಿಗೆ ಹದ್ದು ಎಂದರೆ ಗರುಡ. ಆ ವಾರವೆಲ್ಲ ಹೊಳೆಬಾಗಿಲು ಕಡೆಯಿಂದ ಬಸ್ಸಿಳಿದು ಬಂದವರು ಮೊದಲು ಅದಕ್ಕೆ ಕೈ ಮುಗಿದು ಆಮೇಲೆ ಇಡ್ಲಿ ಹೇಳುತ್ತಿದ್ದರು. ಒಬ್ಬ ಮುದುಕಮ್ಮ ಅದರ ಬುಡದಲ್ಲಿ ಎರಡು ದಾಸವಾಳ ಇಟ್ಟು ಹೋದಳು. ನಾನು ತೆಗೆಯಲಿಲ್ಲ. ದೇವರು ಯಾವ ದೇಶದಲ್ಲಿ ಎರಕವಾದರೇನು?

ಭಾವ ಆವತ್ತು ಮಧ್ಯಾಹ್ನ ಅದರ ಕಥೆ ಹೇಳಿದರು. ಮುಂಬಯಿಯ ಧಣಿ ಹೊಸ ಯಂತ್ರ ತರಿಸಿ, ಹಳೆಯದನ್ನು ಇವರಿಗೆ ಕೊಟ್ಟಿದ್ದ. ಕೊಡುವಾಗ, ‘ಊರಲ್ಲಿ ನಡೆದರೆ ನಡೆಸು, ನಡೆಯದಿದ್ದರೆ ದೀಪಾವಳಿಯೊಳಗೆ ವಾಪಸು ಬಾ, ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ’ ಎಂದಿದ್ದ.

“ನಡೆದ್ರೆ ಇಲ್ಲೇ ಇರ್ತೀನಿ ತಿಮ್ಮಪ್ಪ. ಬೇರೆ ಕೆಲ್ಸ ನಂಗೆ ಬರಲ್ಲ. ಗದ್ದೆ ಕೆಲ್ಸ ಮರ್ತೇ ಹೋಯ್ತು,” ಎಂದರು ಭಾವ.

ನನಗೆ ಇಷ್ಟವಿರಲಿಲ್ಲ. ನನ್ನ ಹೋಟೆಲಿನಲ್ಲಿ ಕೆಟ್ಟರೆ ನಾನೇ ರಿಪೇರಿ ಮಾಡಲಾಗದ ವಸ್ತು ಅಲ್ಲಿಯವರೆಗೆ ಒಂದೂ ಇರಲಿಲ್ಲ. ಅದು ನನ್ನ ಹೆಮ್ಮೆ. ಆದರೆ ಅಕ್ಕ ಅರಳಸುರಳಿಯಿಂದ ಬಸ್ಸು ಹತ್ತಿ ಬಂದಳು. ಬಂದವಳು ಯಂತ್ರವನ್ನು ಸುತ್ತು ಹಾಕಿ ನೋಡಿ, ಗರುಡನಿಗೆ ಕುಂಕುಮ ಇಟ್ಟು, ನನ್ನನ್ನು ಹಿತ್ತಲಿಗೆ ಕರೆದಳು.

“ಅಪ್ಪಿ, ಈ ಮಿಷನ್ ಇಲ್ಲಿ ನಿಂತ್ರೆ ಅವ್ರೂ ನಿಲ್ತಾರೆ. ಇಲ್ದಿದ್ರೆ ಮತ್ತೆ ರೈಲು. ನಂಗೆ ಇನ್ನು ರೈಲು ನೋಡಾಕೆ ಆಗಲ್ಲ. ಅದು ನಡಿಯಂಗೆ ಮಾಡು.”

ಅಕ್ಕ ಅದುವರೆಗೆ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಮೂಲೆಯ ಒಂದು ಮೇಜು ತೆಗೆಸಿ ಯಂತ್ರಕ್ಕೆ ಕಟ್ಟೆ ಕಟ್ಟಿಸಿದೆ.

ಈಗ ಕುತೂಹಲಿಗಳು ಸ್ವಲ್ಪ ಗಮನ ಕೊಡಬೇಕು. ಯಂತ್ರದ ಹೊಟ್ಟೆಯಲ್ಲಿ ನೀರು. ಮುಂಬಯಿಯಲ್ಲಿ ಅದರ ಕೆಳಗೆ ಗ್ಯಾಸು ಉರಿಯುತ್ತಿತ್ತಂತೆ. ನಾವು ಸೀಮೆಎಣ್ಣೆಯ ಪಂಪ್ ಸ್ಟವ್ ಇಟ್ಟೆವು. ನೀರು ಕಾದು ಒಳಗೇ ಉಸಿರು ಕಟ್ಟಿ ಕೂತಿರುತ್ತದೆ. ಮುಂದೆ ಒಂದು ಹಿಡಿಕೆಯ ಬಟ್ಟಲು. ಅದರ ತಳದಲ್ಲಿ ಸೂಜಿಮೊನೆಯಂಥ ತೂತುಗಳು. ಅದಕ್ಕೆ ಪುಡಿ ತುಂಬಿ, ಸಮನಾಗಿ ಒತ್ತಿ, ಯಂತ್ರದ ಬಾಯಿಗೆ ಸಿಕ್ಕಿಸಬೇಕು. ಪುಡಿ ಹಿಟ್ಟಾಗಬಾರದು, ರವೆಯಾಗಬಾರದು, ನಡುವೆ ಎಲ್ಲೋ ನಿಲ್ಲಬೇಕು. ಹಿಟ್ಟಾದರೆ ನೀರು ದಾಟುವುದಿಲ್ಲ. ರವೆಯಾದರೆ ಬಳಬಳ ಸುರಿದು ಬರಿಯ ಬಣ್ಣದ ನೀರು ಬರುತ್ತದೆ. ಚಿಕೋರಿಯಂತೂ ಕೂಡದು, ಅದು ಬಿಸಿನೀರು ತಾಗಿದ ಕೂಡಲೇ ಉಬ್ಬಿ ಅಂಟಾಗಿ ತೂತು ಮುಚ್ಚುತ್ತದೆ. ಹೀಗೆ ಎಲ್ಲ ಸರಿಯಾದ ಮೇಲೆ ಒಂದು ಉದ್ದನೆಯ ಕಬ್ಬಿಣದ ತೋಳನ್ನು ಕೆಳಗೆ ಎಳೆದು ನಿಧಾನವಾಗಿ ಬಿಡಬೇಕು. ತೋಳು ಮೇಲೆ ಹೋಗುತ್ತ ಒಳಗಿನ ಸ್ಪ್ರಿಂಗು ನೀರನ್ನು ಒತ್ತುತ್ತದೆ. ಪುಡಿ ಸಡಿಲವಾಗಿದ್ದರೆ ಆ ತೋಳು ಒದೆಯುವ ಹಸುವಿನ ಹಾಗೆ ಒಮ್ಮೆಗೇ ಮೇಲಕ್ಕೆ ಎಗರುತ್ತದೆ. ನನ್ನ ಗದ್ದಕ್ಕೆ, ಕಲಿಯಲು ನಿಂತ ಮೊದಲ ದಿನವೇ ಒಂದು ಸಿಕ್ಕಿತು. ಭಾವ ತಮ್ಮ ಗದ್ದ ಎತ್ತಿ ಅಲ್ಲಿದ್ದ ಹಳೆಯ ಕಲೆ ತೋರಿಸಿದರು. ವಿದ್ಯೆ ಕಲಿತವರಿಗೆ ಕೊಡುವ ಮೊಹರು ಅದು ಎಂದು ತಿಳಿದೆ. ನನಗೆ ಸಿಕ್ಕ ಒಂದೇ ಸರ್ಟಿಫಿಕೇಟು.

ಎಲ್ಲ ಸರಿಹೋದರೆ ಇಲಿಬಾಲದಷ್ಟು ತೆಳ್ಳಗೆ, ಕಪ್ಪಗೆ, ಒಂದು ಎಳೆ ಇಳಿಯುತ್ತದೆ. ಎಷ್ಟು ಬರುತ್ತದೆ? ನಮ್ಮಲ್ಲಿ ಎಳೆಮಕ್ಕಳಿಗೆ ಮದ್ದು ಕುಡಿಸುವ ಒಳಲೆ ಇದೆಯಲ್ಲ, ಅದು ತುಂಬುವಷ್ಟು. ಮೇಲೆ ಹೊಂಬಣ್ಣದ ಕೆನೆ. ಹಾಲಿಲ್ಲ, ನೊರೆ ಮಾತ್ರ ಇದೆ. ಆ ನೊರೆಯೇ ಕಾಫಿ ಸರಿಯಾಗಿದೆ ಎಂಬುದಕ್ಕೆ ಗುರುತು. ಕುಡಿಯುವ ಕ್ರಮವೂ ಹಾಗೆ: ಬಿಸಿ ಆರುವ ಮುನ್ನ, ನಿಂತುಕೊಂಡೇ, ಎರಡು ಮೂರು ಗುಟುಕಿಗೆ ಮುಗಿಸಬೇಕು. ಲೋಟದಿಂದ ಬಟ್ಟಲಿಗೆ ಹೊಯ್ದು ಆರಿಸುತ್ತ ರಾಜಕೀಯ ಮಾತಾಡುವವರಿಗೆ ಇದು ಹೇಳಿದ್ದಲ್ಲ. ಮಾತು ಶುರುವಾಗುವ ಮೊದಲೇ ಕಾಫಿ ಮುಗಿದಿರುತ್ತದೆ.

ಸಂತೆಯ ದಿನ ಪ್ರಾರಂಭ ಎಂದು ನಿಶ್ಚಯವಾಯಿತು. ಮಂಡಿಯವರು, ಪರಿಚಯದ ಮೇಷ್ಟ್ರುಗಳು, ಅಕ್ಕಪಕ್ಕದ ಅಂಗಡಿಯವರು, ಎಲ್ಲರೂ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಬಂದು ಬೆಂಚುಗಳ ಮೇಲೆ ಕೂತರು. ಭಾವ ಮುಂಬಯಿಯಿಂದ ತಂದ ಕಪ್ಪು ಬೋ ಟೈ ಕತ್ತಿಗೆ ಕಟ್ಟಿಕೊಂಡು ನಿಂತರು. ಯಂತ್ರಕ್ಕೆ ನೀರು ತುಂಬುವ ಕೆಲಸವನ್ನು ಅಕ್ಕನಿಗೆ ವಹಿಸಿದ್ದರು. ಅಕ್ಕ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ಕೊಡದಿಂದ ಹುಯ್ದು ಹೊಟ್ಟೆ ತುಂಬಿಸಿ, ಮುಚ್ಚಳ ತಿರುಗಿಸಿ ಹೋಗಿದ್ದಳು. ಸ್ಟವ್ ಭೋರ್ಗರೆಯತೊಡಗಿತು.

ಮೊದಲು ಬಂದದ್ದು ವಾಸನೆ. ಕಾಫಿಯದಲ್ಲ. ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ಇಷ್ಟಪಡುವ, ಆದರೆ ಆ ಕ್ಷಣ ಅಲ್ಲಿ ಬರಬಾರದಿದ್ದ ವಾಸನೆ. ಭಾವ ಮೂಗು ಅರಳಿಸಿದರು. ಅಷ್ಟರಲ್ಲಿ ಗರುಡನ ಪಕ್ಕದಲ್ಲಿ ಹೆಚ್ಚಿನ ಆವಿ ಹೋಗಲೆಂದು ಇದ್ದ ಕವಾಟ ತೆರೆದುಕೊಂಡು ಬುಸ್ಸೆಂದು ಕಂದು ನೊರೆ ಚಾವಣಿಗೆ ಹಾರಿತು. ಚಾವಣಿಯಿಂದ ದಾರದಾರವಾಗಿ ಇಳಿದು ಬಿಳಿ ಅಂಗಿಗಳ ಮೇಲೆ ಬಿತ್ತು. ಜನ ಬೆಂಚು ಕೆಡವಿಕೊಂಡು ಎದ್ದರು. ಕರಿಯಪ್ಪ ತೋಳಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ನೆಕ್ಕಿ ನೋಡಿದ. ಬೆಲೆ ಕಟ್ಟುವವನಲ್ಲವೇ.

“ಏ ತಿಮ್ಮಪ್ಪ, ಕಾಫಿ ಕುಡಿಸ್ತೀನಿ ಅಂತ ಕರ್ದು ಆಲೆಮನೆ ಹಾಕ್ಸಿದೀಯಲ್ಲ ಮಾರಾಯಾ! ಪಾಕ ಮಾತ್ರ ಚೂರು ಸೀದಿದೆ.”

ನಗು ಎದ್ದಿತು. ಸದ್ದು ಕೇಳಿ ಅಕ್ಕ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಗಂಡನ ಮುಖ ನೋಡಿದಳು. ಅವಳು ಕೇಳಿದ ಮಾತು ಇಷ್ಟು:

“ಎಂತ ಆಯ್ತು? ಬೆಲ್ಲ ಕಡ್ಮೆ ಆಯ್ತಾ?”

ಗಂಡನ ಯಂತ್ರದ ಮೊದಲ ಕಾಫಿ ಎಂದು, ಅರಳಸುರಳಿಯಿಂದ ತಂದಿದ್ದ ಒಳ್ಳೆಯ ಬೆಲ್ಲವನ್ನು ಕರಗಿಸಿ, ಕಸ ಬರಬಾರದೆಂದು ಎರಡು ಸಲ ಸೋಸಿ ತುಂಬಿದ್ದಳು. ಕಾಫಿಗೆ ನೀರಿಡು ಎಂದರೆ ಅವಳು ಹುಟ್ಟಿದಂದಿನಿಂದ ಮಾಡಿದ್ದು ಅದನ್ನೇ. ಕಡಿಮೆ ಹಾಕಿದರೆ ಗಂಡನ ಮರ್ಯಾದೆಗೆ ಕಡಿಮೆ ಎಂದು ಒಂದು ಉಂಡೆ ಹೆಚ್ಚೇ ಹಾಕಿದ್ದಳಂತೆ.

ಭಾವ ಬೈಯಲಿಲ್ಲ. ಬೋ ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡರು. ಸ್ಟವ್ ಆರಿಸಿದರು. ಬಂದವರಿಗೆಲ್ಲ ನಾನು ಫಿಲ್ಟರ್ ಕಾಫಿ ಕೊಟ್ಟು, ಅಂಗಿಗಳಿಗೆ ಬಿಸಿನೀರು ಕೊಟ್ಟು ಕಳಿಸಿದೆ. ಎಲ್ಲರೂ ಹೋದ ಮೇಲೆ ಭಾವ ಯಂತ್ರದ ಬಾಯಿಗೆ ಸಿಕ್ಕಿಸಿದ್ದ ಬಟ್ಟಲಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೆಲ್ಲ ಸೀದು ಕಲ್ಲಾಗಿತ್ತು.

“ಶನಿವಾರದ ರೈಲಿಗೆ ಹೋಗ್ತೀನಿ ತಿಮ್ಮಪ್ಪ. ಇದು ಇಲ್ಲೇ ಇರ್ಲಿ. ಹೂವಿಡೋರು ಹೂವಿಡ್ತಾರೆ.”

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ತನ್ನ ಕೈಯಿಂದಲೇ ಗಂಡನನ್ನು ರೈಲು ಹತ್ತಿಸಿದ ಹಾಗಾಯಿತು ಎಂಬುದು ಅವಳಿಗೆ ಆಗ ಅರ್ಥವಾಯಿತು. ಅಳಲಿಲ್ಲ. ಒಳಗೆ ಹೋಗಿ ರಾತ್ರಿಯ ಅಕ್ಕಿ ತೊಳೆದಳು. ಒಮ್ಮೆ ತೊಳೆದ ಅಕ್ಕಿಯನ್ನು ಮತ್ತೆ ಮತ್ತೆ ತೊಳೆಯುತ್ತಲೇ ಇದ್ದಳು ಎಂದು ನನ್ನ ಹೆಂಡತಿ ಹೇಳಿದಳು.

ಮರುದಿನ ನಾನು ಹೋಟೆಲಿಗೆ ರಜೆ ಕೊಟ್ಟೆ. ನನ್ನ ಮದುವೆಯ ದಿನವೂ ಬೆಳಗಿನ ಕಾಫಿ ಹಂಚಿಯೇ ಚಪ್ಪರಕ್ಕೆ ಹೋದವನು ನಾನು. ಯಾರಾದರೂ ಸತ್ತರೋ ಎಂದು ಊರಿನವರು ವಿಚಾರಿಸಲು ಬಂದರು. ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತ್ತೆಂದಲ್ಲ. ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಟ್ಟು ಮಲಗುವುದು ನನ್ನಿಂದ ಆಗುವುದಿಲ್ಲ, ಅಷ್ಟೆ. ಸ್ಪ್ಯಾನರು ತಂದು ಭಾವನ ಮುಂದಿಟ್ಟು, “ಬಿಚ್ಚಿ ಭಾವ, ರೈಲಿಗೆ ಇನ್ನೂ ಹೊತ್ತಿದೆ,” ಎಂದೆ.

ಹೊಟ್ಟೆಯ ಮುಚ್ಚಳ ಬಿಚ್ಚಿದೆವು, ಬಿಚ್ಚುವ ಭರದಲ್ಲಿ ಗರುಡನ ಒಂದು ರೆಕ್ಕೆ ಸೊಟ್ಟಗಾಯಿತು. ಒಳಗೆ ಸೀದ ಪಾಕ ಗೋಡೆಗೆ ಮೆತ್ತಿಕೊಂಡಿತ್ತು. ನನ್ನ ಕೈ ಆ ಬಾಯಲ್ಲಿ ಹೋಗಲಿಲ್ಲ, ಭಾವನದೂ ಹೋಗಲಿಲ್ಲ. ಅಕ್ಕ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಬಂದು ಕೂತಳು. ಬಳೆ ಮೇಲೆ ಸರಿಸಿ ಕೈ ಒಳಗೆ ಹಾಕಿದಳು, ಮೊಣಕೈವರೆಗೆ ಹೋಯಿತು. ಭಾವ ಎದುರಿಗೆ ಕೂತು ಬಟ್ಟಲಿನ ತೂತುಗಳನ್ನು ದಬ್ಬಳದಿಂದ ಬಿಡಿಸತೊಡಗಿದರು. ಆಮೇಲೆ ಭಾವ, ತಲೆ ಎತ್ತದೆಯೇ ಅಂದರು:

“ನೀರು ಹಾಕು ಅಂದ್ರೆ ನೀರು ಹಾಕ್ಬೇಕು. ಬೆಲ್ಲ ಹಾಕು ಅಂತ ಯಾರು ಹೇಳಿದ್ರು?”

“ಹಾಕ್ಬೇಡ ಅಂತ ಯಾರು ಹೇಳಿದ್ರು?”

“ಅಷ್ಟೂ ಗೊತ್ತಾಗಲ್ವಾ?”

“ಹೆಂಗ್ ಗೊತ್ತಾಗ್ಬೇಕು? ಹೇಳಾಕೆ ನೀವು ಮನೇಲಿದ್ರಾ?”

ಭಾವನ ಮುಖ ಕೆಂಪಾಯಿತು. ಅವರೂ ಸುಮ್ಮನಿರಲಿಲ್ಲ. ಗದ್ದೆಯ ಬದು, ತವರಿನ ಮದುವೆಗೆ ಹೋಗದಿದ್ದದ್ದು, ಯಾವುದೋ ಯುಗಾದಿಯಲ್ಲಿ ಉಪ್ಪಾದ ಸಾರು, ಎಲ್ಲವೂ ಒಂದೊಂದಾಗಿ ಹೊರಬಂದವು. ಅಷ್ಟು ವರ್ಷ ಒಳಗೇ ಕಾದು ಉಸಿರು ಕಟ್ಟಿ ಕೂತಿದ್ದದ್ದು. ನಾನು ಹಿತ್ತಲಿಗೆ ಹೋಗಿ ಸೌದೆ ಒಡೆದೆ. ಒಡೆಯುವ ಅಗತ್ಯವೇನೂ ಇರಲಿಲ್ಲ. ಒಳಗಿನ ಜಗಳ ಏರುತ್ತಿದ್ದ ಹಾಗೆ ನನಗೆ ಏನೋ ಸಮಾಧಾನವಾಗತೊಡಗಿತು. ನೆಂಟರು ಯಾರೂ ಹೀಗೆ ಜಗಳವಾಡುವುದಿಲ್ಲ.

ಮರಳಿ ಒಳಗೆ ಬಂದಾಗ ದನಿಗಳು ತಗ್ಗಿದ್ದವು.

“ಆ ಮೂಲೇಲಿ ಇನ್ನೂ ಅಂಟಿದೆ ನೋಡು.”

“ಕೈ ಮುಟ್ಟಲ್ಲ ಅಲ್ಲಿಗೆ.”

“ತಡಿ, ನಾನು ಓರೆ ಮಾಡಿ ಹಿಡ್ಕೋತೀನಿ.”

ಭಾವ ಅಷ್ಟು ಭಾರದ ಹಂಡೆಯನ್ನು ತೊಡೆಯ ಮೇಲೆ ಓರೆಯಾಗಿ ಎತ್ತಿ ಹಿಡಿದರು. ಅಕ್ಕ ಉಜ್ಜಿದಳು. ಅವರಿಬ್ಬರೂ ಒಂದು ಕೆಲಸಕ್ಕೆ ಕೂಡಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆಗೆ ಯಂತ್ರ ಮತ್ತೆ ಕಟ್ಟೆಯ ಮೇಲೆ ನಿಂತಿತು. ಅಕ್ಕನೇ ನೀರು ತುಂಬಿದಳು, ಭಾವ ಪಕ್ಕದಲ್ಲಿ ನಿಂತು ನೋಡಿದರು. ಸ್ಟವ್ ಹಚ್ಚಿ, ಪುಡಿ ಒತ್ತಿ, ತೋಳು ಎಳೆದರು. ಇಲಿಬಾಲದಂಥ ಎಳೆ ಇಳಿಯಿತು. ಮೇಲೆ ಹೊಂಬಣ್ಣದ ಕೆನೆ ಕೂತಿತು. ಭಾವ ಆ ಪುಟ್ಟ ಪಿಂಗಾಣಿ ಬಟ್ಟಲನ್ನು ನನಗೆ ಕೊಡಲಿಲ್ಲ; ಅಕ್ಕನ ಮುಂದೆ ಹಿಡಿದರು.

“ಸಕ್ಕರೆ ಹಾಕ್ಲಾ?”

“ಬ್ಯಾಡ. ಹೆಂಗ್ ಕುಡೀಬೇಕೋ ಹಂಗೇ ಕೊಡಿ.”

ಬೆಲ್ಲವಿಲ್ಲದ ಕಾಫಿ ಅಕ್ಕ ಕುಡಿಯುತ್ತಿದ್ದದ್ದು ಜನ್ಮದಲ್ಲಿ ಅದೇ ಮೊದಲು. ನಿಂತೇ ಕುಡಿದಳು. ಕಣ್ಣು ಮುಚ್ಚಿದಳು, ಹುಬ್ಬು ಗಂಟಿಕ್ಕಿದಳು, ಭುಜ ಒಮ್ಮೆ ನಡುಗಿತು. ಬಟ್ಟಲನ್ನು ಕೆಳಗಿಟ್ಟಳು. ಭಾವ ಮತ್ತು ನಾನು ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗರಂತೆ ನಿಂತಿದ್ದೆವು.

“ಹೆಂಗಿದೆ?” ಎಂದರು ಭಾವ.

“ಕಹಿ. ಬಾಯೆಲ್ಲ ಕಹಿ. ಇದನ್ನ ಕಲಿಯಾಕೆ ಇಷ್ಟು ವರ್ಷ ಬೇಕಾಯ್ತಾ ನಿಮ್ಗೆ?”

ಭಾವ ನಕ್ಕುಬಿಟ್ಟರು. ಅವರ ಹಲ್ಲು ನಾನು ಪೂರ್ತಿ ನೋಡಿದ್ದು ಆಗಲೇ. ಅಕ್ಕ ನಗಲಿಲ್ಲ. ಬಟ್ಟಲನ್ನು ಅವರ ಕಡೆ ಸರಿಸಿದಳು.

“ಇನ್ನೊಂದು ಕೊಡಿ. ಅಭ್ಯಾಸ ಆಗ್ಬೇಕಲ್ಲ.”

ಶನಿವಾರದ ರೈಲು ಕೂಗಿಕೊಂಡು ಹೋಯಿತು. ಆಗ ಭಾವ ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. ಇರುತ್ತೇನೆ ಎಂದು ಹೇಳಲಿಲ್ಲ; “ಮುಂದಿನ ತಿಂಗಳಿಗೆ ಬೀಜ ಎಲ್ಲಿಂದ ತರಿಸೋಣ?” ಎಂದು ಕೇಳಿದರು.

ಎಸ್ಪ್ರೆಸೊ ಸಾಗರವನ್ನು ಗೆದ್ದಿತು ಎಂದು ಬರೆದರೆ ಸುಳ್ಳಾಗುತ್ತದೆ. ಕರಿಯಪ್ಪ ಮೊದಲ ಬಟ್ಟಲು ನೋಡಿ, “ಇದು ಕುಡಿಯಾಕಾ, ಹಣೆಗೆ ಇಟ್ಕಳಾಕಾ?” ಎಂದ. ಜನರಿಗೆ ಹಿಡಿಸಿದ್ದು ಯಂತ್ರದ ಪಕ್ಕದಲ್ಲಿ ಆವಿ ಬಿಡುವ ಕೊಳವೆ. ಅದನ್ನು ಹಾಲಿಗೆ ಅದ್ದಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ಆ ನೊರೆಹಾಲಿಗೆ ಫಿಲ್ಟರ್ ಕಾಫಿ ಬೆರೆಸಿ ದೊಡ್ಡ ಲೋಟದಲ್ಲಿ ಕೊಟ್ಟರೆ, ಅದನ್ನೇ ಎಸ್ಪ್ರೆಸೊ ಎಂದು ಕರೆದು, ಮೀಸೆಗೆ ನೊರೆ ಮೆತ್ತಿಕೊಂಡು ಸಂತೋಷಪಡುತ್ತಾರೆ. ಭಾವನಿಗೆ ಮೊದಮೊದಲು ದುಃಖವಾಗುತ್ತಿತ್ತು. ಈಗ ಅವರೂ ದಣಿದಿದ್ದಾರೆ. ದಣಿದವರಿಗೆ ಲೋಕ ತಿದ್ದುವ ಉಮೇದು ಇರುವುದಿಲ್ಲ. ಅದರಿಂದ ಲೋಕಕ್ಕೂ ಒಂದಿಷ್ಟು ಅನುಕೂಲ.

ನಿಜವಾದದ್ದನ್ನು ಕುಡಿಯಬೇಕೆನ್ನುವವರು ಬಂದು ಮೂಲೆಯಲ್ಲಿ ನಿಂತರೆ ಸಾಕು, ಭಾವ ಕಣ್ಣಿನಲ್ಲೇ ಗುರುತಿಸುತ್ತಾರೆ. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ. ಆಗ ಯಂತ್ರದ ಮೇಲೆ ಸಿಟ್ಟಾಗಬೇಡಿ. ಕಹಿ ನಾಲಿಗೆಯಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು. ಅದು ಇಳಿದ ಮೇಲೆ ಗಂಟಲಲ್ಲಿ ಏನೋ ಒಂದು ಉಳಿಯುತ್ತದೆ. ಅದಕ್ಕೆ ಸಿಹಿ ಎನ್ನಲು ಬರುವುದಿಲ್ಲ, ಬೇರೆ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಇನ್ನೊಂದು ಬಟ್ಟಲು ಬೇಕಾಗುತ್ತದೆ.

ಕತ್ತಲಾಗುತ್ತಿದೆ, ಬೆಳಗಿನ ಉದ್ದು ನೆನೆಹಾಕಬೇಕು. ಈಗ ನನ್ನಲ್ಲಿರುವುದು ಇಷ್ಟು: ಏಳು ಮೇಜು, ಹದಿನಾಲ್ಕು ಬೆಂಚು, ಹಿತ್ತಾಳೆಯ ಫಿಲ್ಟರು ಎರಡು, ಒಂದು ರೆಕ್ಕೆ ಸೊಟ್ಟಗಾದ ಗರುಡ ಒಂದು, ನೋಯುವ ಕಾಲು ಎರಡು, ಹೆಂಡತಿ ಒಬ್ಬಳು, ಅಕ್ಕ ಒಬ್ಬಳು, ಅವಳ ಜೊತೆ ದಿನಕ್ಕೊಮ್ಮೆಯಾದರೂ ಜಗಳವಾಡುವ ಭಾವ ಒಬ್ಬರು.